ಬೆನ್ನ ಹಿಂದಿನ ಏಳು ಗುಡ್ಡೆಗಳು

ಪಾಲಿನ ಮನೆಗಳು ಏಳಿದ್ದವು ಎಂದು ನನ್ನ ನೆನಪು. ಆರೇ ಇದ್ದಿರಬಹುದು. ಬಾವಿ ತೋಟದ ಪಡುವಣಕ್ಕಿತ್ತು ಎಂದೂ ನೆನಪು. ಅದೂ ತಪ್ಪಿರಬಹುದು. ಅದು ತಪ್ಪಾಗಿದ್ದರೆ ಮುಂದೆ ಬರೆಯುವುದರಲ್ಲಿ ಮುಕ್ಕಾಲು ಭಾಗ ನಾನೇ ಕಟ್ಟಿಕೊಂಡದ್ದು ಎಂದಾಗುತ್ತದೆ. ಆಗ ನಾನು ದಿನಚರಿ ಬರೆಯುತ್ತಿದ್ದೆ. ಮೊನ್ನೆ ಅದನ್ನು ಹುಡುಕಿ ತೆಗೆದೆ. ಆ ವಸಂತದ ಐತವಾರಗಳಲ್ಲಿ ತರಕಾರಿಗಳ ಹೆಸರು, ಅದರ ಕೆಳಗೆ "ಮತ್ತೆ ಹಾಗೇ ಆಯಿತು" ಎಂಬ ಒಂದು ಸಾಲು, ಅಷ್ಟೇ ಇದೆ. ಏನಾಯಿತು ಎಂದು ಬರೆದಿಲ್ಲ. ಬರೆಯದಿರಲು ಕಾರಣವಿದ್ದಿರಬೇಕು. ಬೇರೆ ಯಾರಾದರೂ ಓದಿಯಾರು ಎಂಬ ಅಂಜಿಕೆಯೋ, ನಾನೇ ಮುಂದೊಂದು ದಿನ ಓದಿಯೇನು ಎಂಬ ಅಂಜಿಕೆಯೋ, ಈಗ ಹೇಳಲಾರೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ, ನಾಲ್ಕಾರು ಕಾಲೇಜುಗಳಿಗೆ ಅರ್ಜಿ ಹಾಕಿ, ಚಿಕ್ಕೋಡಿಯ ಮನೆಯಲ್ಲಿ ಅಂಚೆಯವನ ದಾರಿ ನೋಡುತ್ತಿದ್ದೆ. ಮನೆಯಲ್ಲಿ ಅಪ್ಪ, ಅವ್ವ ಮತ್ತು ಅತ್ತೆ. ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ತವರಿಗೆ ಬಂದವಳು. ಕರೋಶಿ ರಸ್ತೆಗೆ ನಮ್ಮ ಹೊಲವಿತ್ತು, ಎಲ್ಲವೂ ಕಬ್ಬು. ಅದರ ಮೂಲೆಯ ಒಂದು ಎಕರೆಯನ್ನು ಅಪ್ಪ ಅವಳಿಗೆ ಬಿಟ್ಟುಕೊಟ್ಟಿದ್ದ. ಕಾಗದದ ಮೇಲಲ್ಲ, ಬಾಯಿ ಮಾತಿನಲ್ಲಿ. ಅದರಲ್ಲಿ ಅವಳು ಕಾಯಿಪಲ್ಲೆ ಬೆಳೆಯುತ್ತಿದ್ದಳು.

ಬುಟ್ಟಿ ಹೊತ್ತು ನಿಪ್ಪಾಣಿಯ ಪೇಟೆಗೆ ಹೋಗಿ ದಲಾಲರ ಮುಂದೆ ಕುಕ್ಕರಿಸುವುದು ಅವಳಿಗೆ ಸಾಕಾಗಿಹೋಗಿತ್ತು. ಅದಕ್ಕಾಗಿ ಊರೊಳಗಿನ ಏಳು ಮನೆಗಳನ್ನು ಸೇರಿಸಿ ತನ್ನದೇ ಒಂದು ಕಟ್ಟಳೆ ಮಾಡಿದ್ದಳು. ಪ್ರತಿ ಮನೆಯವರೂ ಯುಗಾದಿಗೆ ಬೀಜ, ಗೊಬ್ಬರಕ್ಕೆಂದು ಮುಂಗಡವಾಗಿ ಒಂದು ಪಾಲು ಹಾಕಬೇಕು. ಐತವಾರ ನಸುಕಿಗೆ ಮನೆಗೊಬ್ಬರು ತೋಟಕ್ಕೆ ಬಂದು ಕೈ ಹಚ್ಚಬೇಕು. ಆ ವಾರ ಬಂದದ್ದನ್ನು ಏಳು ಗುಡ್ಡೆ ಮಾಡಿ ಒಯ್ಯಬೇಕು. ಬೆಳೆ ಬಂದರೂ ಎಲ್ಲರದು, ಹುಳ ಬಿದ್ದರೂ ಎಲ್ಲರದು. ದವಾಖಾನೆಯ ಕಂಪೌಂಡರನಿಗೆ ಈ ಕೊನೆಯ ಮಾತು ಬಹಳ ಸೇರಿತ್ತು. "ನಮ್ಮ ಪಾಲಿನ ಹುಳಾ ನಮಗ ಬ್ಯಾರೇ ಪುಡಿಕ್ಯಾಗ ಕಟ್ಟಿ ಕೊಡ್ರಿ ಅಕ್ಕಾ, ಮನ್ಯಾಗ ಸಾಕತೀನಿ" ಎನ್ನುತ್ತಿದ್ದ.

ಹೀಗೆ ಎರಡು ವರ್ಷ ನಡೆದಿತ್ತು. ಮೂರನೆಯ ವರ್ಷ ಅಪ್ಪನ ಮನಸ್ಸು ತಿರುಗಿತು. ನಮ್ಮ ಸುತ್ತಲಿನ ಹೊಲಗಳೆಲ್ಲ ಕಾರ್ಖಾನೆಗೆ ಕಬ್ಬು ಕಳಿಸುತ್ತಿರುವಾಗ ನಡುವೆ ಮೆಂತೆ, ಮೂಲಂಗಿ ಬೆಳೆಯುವುದು ಅವನಿಗೆ ಆಟದಂತೆ ಕಂಡಿರಬೇಕು. ಶಿವರಾತ್ರಿಗೆ ಬಹಳ ಮೊದಲೇ ಹೇಳಿದ:

"ಅಕ್ಕಾ, ಈ ಯುಗಾದಿಗೆ ಏಳೂ ಮನಿಯವರು ಪಾಲ ಹಾಕಿದರ ತ್ವಾಟಾ ನಿಂದ. ಒಬ್ಬರು ಬಿಟ್ಟರೂ ಕಬ್ಬ ಹಚ್ಚತೀನಿ. ಹಂಗಾಮ ಹೊಂಟೈತಿ, ಆದರೂ ನಿನ್ನ ಸಲವಾಗಿ ತಡದೀನಿ. ಬೀಜಾ ಹೇಳಿಟ್ಟೀನಿ."

"ಹೇಳಿಟ್ಟ ಬೀಜಾ ನಿನ್ನ ಹಂತ್ಯಾಕ ಇರಲಿ ತಮ್ಮಾ" ಎಂದಳು ಅತ್ತೆ. "ಏಳೂ ಮನಿಯವರು ಬರತಾರ."

ಅಂದಿನಿಂದ ಅವಳು ಆ ಏಳು ಮನೆಗಳನ್ನು ಬೇರೆ ಕಣ್ಣಿನಿಂದ ನೋಡತೊಡಗಿದಳು ಎಂದು ನನಗನ್ನಿಸುತ್ತದೆ. ಯಾರು ಬಿಡಬಹುದು, ಯಾರ ಮುಖ ಯಾಕೆ ಸಣ್ಣದಾಗಿದೆ ಎಂದು. ನಾನೂ ಹಾಗೇ ನೋಡತೊಡಗಿದೆ. ಸಂಶಯ ಬಹುಶಃ ಅವಳಿಂದ ನನಗೆ ಅಂಟಿತು. ಅಥವಾ ಓದಿದವಳಾದ ನನಗೇ ಅದು ಮೊದಲಿನಿಂದ ಇತ್ತೋ ಏನೋ.

ಆ ದಿನಗಳ ಕೆಲಸ ಮಾತ್ರ ಕೈಗೆ ಚೆನ್ನಾಗಿ ನೆನಪಿದೆ. ಫಾಲ್ಗುಣದ ನಸುಕು ಇನ್ನೂ ತಣ್ಣಗಿರುತ್ತಿತ್ತು. ಮೊದಲು ಕಾಯಿ ಬಿಡಿಸುವುದು, ಯಾಕೆಂದರೆ ಹೊತ್ತೇರಿದರೆ ಸೊಪ್ಪು ಬಾಡುತ್ತದೆ. ಬದನೆ, ಚವಳಿಕಾಯಿ, ಮೂಲಂಗಿ, ಗಜ್ಜರಿ, ಮೆಂತೆ, ಒಂದೆರಡು ಮಡಿಯಷ್ಟು ಉಳ್ಳಾಗಡ್ಡಿ. ಬಿಡಿಸಿದ್ದನ್ನು ಕೂಡಲೇ ಹಂಚಿ, ಅವರವರ ಚೀಲದ ಮೇಲೆ ಒದ್ದೆ ಗೋಣಿ ಹೊದಿಸಿಟ್ಟು, ಆಮೇಲೆ ಹತ್ತು ಗಂಟೆಯವರೆಗೆ ಉಳಿದ ಕೆಲಸ. ಬೇಸಿಗೆಯ ಹೀರೆಗೆ ಕುಣಿ ತೋಡುವುದು, ಆಗಲೇ ಹಬ್ಬಿದ್ದ ಸವತೆ ಬಳ್ಳಿಗೆ ಮಣ್ಣು ಏರಿಸುವುದು. ಮೆಣಸಿನ ಸಸಿ ಹಚ್ಚುವುದು. ಕುರ್ಪಿ ಹಿಡಿದು ಕಳೆ ತೆಗೆಯುವುದು. ಪಕ್ಕದ ಹೊಲದಲ್ಲಿ ಕಬ್ಬು ಕಡಿದು ಬಿಟ್ಟ ಒಣ ಎಲೆಯನ್ನು, ಅಂದರೆ ರವದಿಯನ್ನು, ಹೊರೆಗಟ್ಟಲೆ ತಂದು ಸಾಲುಗಳ ನಡುವೆ ಹಾಸುವುದು. ಅದರ ಅಂಚು ತಾಗಿ ಮೊಣಕೈವರೆಗೆ ಗೀರು. ಮನೆಗೆ ಹೋಗಿ ಮೈ ತೊಳೆದಾಗ ಚುರುಗುಟ್ಟುತ್ತಿತ್ತು. ಹೆಂಗಸರು ಸೀರೆಗೆ ಕಚ್ಚೆ ಹಾಕಿ, ಒಬ್ಬರ ಗಾಯ ಒಬ್ಬರು ನೋಡಿ ನಗುತ್ತಿದ್ದರು.

ಇನ್ನು ಹಂಚುವ ರೀತಿ. ಅಣ್ಣತಮ್ಮಂದಿರು ಕಣದಲ್ಲಿ ರಾಶಿ ಪಾಲು ಮಾಡಿಕೊಳ್ಳುವಾಗ ನಡೆಯುತ್ತಿದ್ದ ಕ್ರಮವನ್ನೇ ಅತ್ತೆ ತೋಟಕ್ಕೆ ತಂದಿದ್ದಳು. ಗೋಣಿಯ ಮೇಲೆ ಏಳು ಗುಡ್ಡೆಗಳು ಒಂದೇ ಸಾಲಿನಲ್ಲಿ. ಒಬ್ಬರು ಅವುಗಳಿಗೆ ಬೆನ್ನು ಮಾಡಿ ನಿಲ್ಲಬೇಕು. ಇನ್ನೊಬ್ಬರು ತಮಗೆ ತಿಳಿದ ಒಂದು ಗುಡ್ಡೆಯ ಮೇಲೆ ಕೈ ಹಿಡಿದು "ಇದು ಯಾರದು?" ಎಂದು ಕೇಳಬೇಕು. ಬೆನ್ನು ಮಾಡಿದವರು ಬಾಯಿಗೆ ಬಂದ ಮನೆಯ ಹೆಸರು ಹೇಳಬೇಕು. ಹೇಳಿದ್ದು ಹೇಳಿದಂತೆ. ಕೈ ಹಿಡಿಯುವವಳು ಅತ್ತೆ. ಬೆನ್ನು ಮಾಡಿ ನಿಲ್ಲುವವಳು ನಾನು. ಅವಳೇ ನನ್ನ ಭುಜ ಹಿಡಿದು ಬಾವಿಯ ಕಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದಳು.

ಏಳು ಗುಡ್ಡೆ ಸಮ ಇರುತ್ತಿರಲಿಲ್ಲ. ಎಷ್ಟು ಕೈಯಾಡಿಸಿದರೂ ಒಂದಕ್ಕೆ ಬಲಿತ ಚವಳಿ, ತೂತು ಬಿದ್ದ ಬದನೆ ಬಂದೇ ಬರುತ್ತಿತ್ತು. "ಎಲ್ಲಾ ಒಂದೇ ಇದ್ದರ ಬೆನ್ನ ಮಾಡಿ ಯಾಕ ನಿಂದ್ರಬೇಕ?" ಎಂದು ಅತ್ತೆ ಒಮ್ಮೆ ಹೇಳಿದ್ದಳು. ಆ ಮಾತಿಗೆ ಆಗ ತಲೆದೂಗಿದ್ದೆ.

ಹಂಚಿಕೆಯಾದ ಮೇಲೆ ಒಂದು ಸಣ್ಣ ಅದಲುಬದಲು ಇತ್ತು. ಪಾಲಿನವರಲ್ಲಿ ಒಂದು ಜೈನರ ಮನೆ. ಅಲ್ಲಿಂದ ಬರುತ್ತಿದ್ದವರು ಆ ಮನೆಯ ಅಜ್ಜಿ. ನಾವೆಲ್ಲ ಆಯಿ ಎನ್ನುತ್ತಿದ್ದೆವು. ನೆಲದೊಳಗಿನ ಗೆಡ್ಡೆ ಅವರ ಮನೆಗೆ ನಡೆಯುವುದಿಲ್ಲ. ಆದ್ದರಿಂದ ಆಯಿ ತಮ್ಮ ಗುಡ್ಡೆಯ ಮೂಲಂಗಿ, ಗಜ್ಜರಿ, ಉಳ್ಳಾಗಡ್ಡಿಯನ್ನು ಸೆರಗಿನ ತುದಿಯಿಂದ ಹಿಡಿದು ಪಕ್ಕದವರ ಗುಡ್ಡೆಗೆ ಹಾಕಿ, ಅಲ್ಲಿಂದ ಚವಳಿಕಾಯಿಯೋ ಸೊಪ್ಪೋ ತೆಗೆದುಕೊಳ್ಳುತ್ತಿದ್ದರು. "ಹಗಲೀ ಕಳವು ನಂದು, ನೋಡ್ರೆವಾ ಎಲ್ಲಾರೂ" ಎಂದು ತಾವೇ ಸಾರುತ್ತಿದ್ದರು. ಅವರನ್ನು ಯಾರೂ ಸಂಶಯಪಡಲಿಲ್ಲ. ಕದಿಯುತ್ತೇನೆಂದು ಹೇಳಿ ತೆಗೆಯುವವರನ್ನು ಸಂಶಯಪಡುವುದು ಹೇಗೆ?

ಸಂಶಯ ಸುರುವಾದದ್ದು ಮಾಸ್ತರ ಮನೆಯ ವೈನಿಯಿಂದ. ಶಾಲೆಯ ಮಾಸ್ತರರ ಹೆಂಡತಿ. ಎಲ್ಲರೂ ವೈನಿ ಎನ್ನುತ್ತಿದ್ದರು. ಅವರು ಒಂದು ಐತವಾರವೂ ಕಾಯಿ ಬಿಡಿಸಲು ಬಂದವರಲ್ಲ. ಇನ್ನೇನು ಗುಡ್ಡೆ ಮಾಡಿ ಮುಗಿಯಿತು ಎನ್ನುವಾಗ, ಸೀರೆಯ ನೆರಿಗೆ ಮುರಿಯದಂತೆ ಒಡ್ಡಿನ ಮೇಲೆ ನಡೆದು ಬರುತ್ತಿದ್ದರು. ಆಮೇಲೆ ಅರ್ಧ ಗಂಟೆ ಕುರ್ಪಿ ಹಿಡಿದರೆ ಹಿಡಿದರು.

"ಬರ್ರಿ ವೈನಿ, ನಿಮ್ಮ ಸಲವಾಗಿ ಹೊತ್ತ ಹುಟ್ಟೂದು ನಿಂತಿತ್ತು" ಎನ್ನುತ್ತಿದ್ದ ಕಂಪೌಂಡರ.

ವೈನಿ ನಗುತ್ತಿದ್ದರು. ಕಾರಣ ಹೇಳುತ್ತಿರಲಿಲ್ಲ. ಅವರ ಬೆನ್ನ ಹಿಂದೆ ಮಾತು ಆಗುತ್ತಿತ್ತು, ನಾನೂ ಆಡಿದ್ದೇನೆ.

ಆ ವರ್ಷದ ಶಿವರಾತ್ರಿಯ ಹಿಂದಿನ ಐತವಾರ ಹುಳುಕು ಬದನೆಯ ಗುಡ್ಡೆ ವೈನಿಗೆ ಬಂತು. ಮುಂದಿನ ವಾರವೂ ಬಂತು. ಮೂರನೆಯ ವಾರ ಅದೇ ಮತ್ತೆ ಬಂದಾಗ ಅವರು ಒಂದು ಬದನೆಕಾಯಿ ಎತ್ತಿ ಬೆಳಕಿಗೆ ಹಿಡಿದರು.

"ಏನ ಅಕ್ಕಾ, ಈ ತೂತಿನ ಮ್ಯಾಲ ನಮ್ಮ ಮನೀ ಹೆಸರ ಬರದ ಇಟ್ಟೀರೇನ?"

"ಹೆಸರ ನಾ ಹೇಳಿಲ್ಲ ವೈನಿ. ಹುಡುಗಿ ಬೆನ್ನ ಮಾಡಿ ನಿಂತಾಳ, ನಿಮ್ಮ ಎದುರಿಗೇ ಐತಿ" ಎಂದಳು ಅತ್ತೆ.

"ಎದುರಿಗೆ ಇದ್ದದ್ದು ಕಾಣತೈತ್ರಿ. ಇಲ್ಲದ್ದು ಹ್ಯಾಂಗ ಕಾಣಬೇಕ?"

ಕಂಪೌಂಡರನೂ ಅಂದು ನಗಲಿಲ್ಲ.

ಅಂದಿನಿಂದ ನಾನು ಅತ್ತೆಯನ್ನು ಕದ್ದು ಗಮನಿಸತೊಡಗಿದೆ. "ಇದು ಯಾರದು?" ಎನ್ನುವ ಅವಳ ದನಿ ಕೆಟ್ಟ ಗುಡ್ಡೆಯ ಮೇಲೆ ಬೇರೆಯಾಗುತ್ತದೆಯೇ? ಕೆಮ್ಮುತ್ತಾಳೆಯೇ? ಸೊಂಟದ ಬೀಗದ ಕೈ ಸದ್ದು ಮಾಡುತ್ತದೆಯೇ? ಏನೂ ಸಿಗಲಿಲ್ಲ. ಅವಳ ದನಿ ಏಳೂ ಸಲ ಒಂದೇ ಇತ್ತು. ಅಷ್ಟೊಂದು ಒಂದೇ ಇದ್ದದ್ದೇ ನನಗೆ ಸರಿಕಾಣಲಿಲ್ಲ ಎಂದರೆ ನನ್ನ ಆಗಿನ ಸ್ಥಿತಿ ತಿಳಿದೀತು.

ನಾಲ್ಕನೆಯ ಐತವಾರ ನನಗೆ ನೆಲ ಕಂಡಿತು. ಹಾಗೆಂದರೆ ಏನೆಂದು ಬಿಡಿಸಿ ಹೇಳಬೇಕು. ಹೊತ್ತು ಆಗಷ್ಟೇ ಮೇಲೆ ಬಂದಿರುತ್ತಿತ್ತು, ನನ್ನ ಬೆನ್ನಿಗೆ. ನನ್ನ ಮುಂದೆ ಬಾವಿಯ ಕಟ್ಟೆಯವರೆಗೆ ಬರಿ ನೆಲ. ಆ ನೆಲದ ಮೇಲೆ ನನ್ನ ಉದ್ದನೆಯ ನೆರಳು; ಅದರ ಪಕ್ಕಕ್ಕೆ ಅತ್ತೆಯದು. ಅವಳು ಎಡಕ್ಕೆ ಸರಿದರೆ ನೆರಳೂ ಎಡಕ್ಕೆ ಸರಿಯುತ್ತಿತ್ತು. ಬಾಗಿದರೆ ಬಾಗುತ್ತಿತ್ತು, ಕೈ ಚಾಚಿದರೆ ಅದರ ಕೈಯೂ ಚಾಚುತ್ತಿತ್ತು. ತಿರುಗುವ ಮೊದಲು ನಾನು ಗುಡ್ಡೆಗಳನ್ನು ನೋಡಿಯೇ ಇರುತ್ತಿದ್ದೆ. ಹುಳುಕಿನದು ಎಷ್ಟನೆಯದು ಎಂದು ಗೊತ್ತಿರುತ್ತಿತ್ತು. ಉಳಿದವರೆಲ್ಲರ ಕಣ್ಣು ಗುಡ್ಡೆಗಳ ಮೇಲೆ. ನೆಲ ನೋಡುತ್ತಿದ್ದವಳು ನಾನೊಬ್ಬಳೇ.

ಆ ನೆರಳು ಬಲತುದಿಯ ಗುಡ್ಡೆಯ ನೇರಕ್ಕೆ ಬಂದು ಬಾಗಿತು. ಅದು ಕೆಟ್ಟದ್ದು. "ಇದು ಯಾರದು?" ಎಂದಳು ಅತ್ತೆ. "ಮಾಸ್ತರ ಮನೀದು" ಎಂದೆ.

ಅಂದೇ ಮೊದಲ ಸಲ ನೆರಳು ಕಂಡು ಹಾಗೆ ಹೇಳಿದೆನೋ, ಮೊದಲಿನ ಮೂರು ವಾರವೂ ಅದನ್ನು ನೋಡಿಯೇ ಹೇಳಿದ್ದೆನೋ? ನೋಡಿದ್ದೇನೆಂದು ನನಗೇ ತಿಳಿಯದ ಹಾಗೆ ನೋಡಿದ್ದೆನೋ? ದಿನಚರಿಯಲ್ಲಿ ಆ ದಿನಕ್ಕೂ ಅದೇ ಸಾಲು: ಮತ್ತೆ ಹಾಗೇ ಆಯಿತು.

ಮುಂದಿನ ವಾರ ನಾನು ಕಣ್ಣು ಮುಚ್ಚಿ ನಿಂತೆ. ಗಟ್ಟಿಯಾಗಿ ಮುಚ್ಚಿ, ಬಾಯಿಗೆ ಬಂದಂತೆ ಹೇಳಿದೆ. ಕೆಟ್ಟ ಗುಡ್ಡೆ ಕಂಪೌಂಡರನ ಪಾಲಿಗೆ ಹೋಯಿತು.

"ಅಗಗಗ! ಈ ವಾರ ಹುಳಾ ನಮ್ಮ ಮನಿಗೆ ಬೀಗರಾಗಿ ಹೊಂಟಾವ" ಎಂದು ಅವನು ಕುಣಿದ. ವೈನಿ ಕೂಡ ನಕ್ಕರು. ಎಲ್ಲ ಸರಿಹೋಯಿತು ಎನ್ನಿಸಿತು. ಒಂದು ಸಲದಿಂದ ಏನೂ ಸಿದ್ಧವಾಗುವುದಿಲ್ಲ ಎಂದು ಧಾರವಾಡದಲ್ಲಿ ಕಲಿತಿದ್ದೆ; ಆದರೂ ನನ್ನ ಮಟ್ಟಿಗೆ ಅಂದು ಸಿದ್ಧವಾಗಿತ್ತು. ಮನೆಯ ದಾರಿಯಲ್ಲಿ ಅತ್ತೆ ಕೇಳಿದಳು:

"ಯಾಕ, ಇವತ್ತ ಮೈಯಾಗ ಆರಾಮಿಲ್ಲೇನ ನಿನಗ?"

ಅದು ಬರಿಯ ಕಾಳಜಿಯ ಮಾತಿರಬಹುದು. ನಾನು ಕಣ್ಣು ಮುಚ್ಚಿ ನಿಂತದ್ದು ಅವಳಿಗೆ ಹಿಂದಿನಿಂದ ಕಾಣುವಂತಿರಲಿಲ್ಲ.

ಯುಗಾದಿಯ ದಿನ ಪಾಲಿನವರೆಲ್ಲ ನಮ್ಮ ಪಡಸಾಲೆಯಲ್ಲಿ ಸೇರುವುದು ವಾಡಿಕೆ. ಬೇವು ಬೆಲ್ಲ ತಿಂದು, ಚಹಾ ಕುಡಿದು, ಬರುವ ವರ್ಷದ ಪಾಲು ಹಾಕುತ್ತೇವೆಂದು ಹೇಳಿ ಹೋಗಬೇಕು. ಅತ್ತೆ ಮುಂಜಾನೆಯೇ ತೋಟಕ್ಕೆ ಹೋಗಿ ಏಳು ಎಳೆಯ ಸವತೆಕಾಯಿ ಕಿತ್ತು ತಂದಿದ್ದಳು, ಆ ಬಳ್ಳಿಯ ಮೊದಲ ಕಾಯಿಗಳು. ಅಳೆದಂತೆ ಏಳೂ ಒಂದೇ ಗಾತ್ರ. ಎಷ್ಟು ಹುಡುಕಿರಬೇಕು. ಅಪ್ಪ ಮೂಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದ. ಹಬ್ಬದ ದಿನವೂ ಅವನ ಕಿವಿ ಒಂದೇ ಮಾತಿಗೆ ಕಾದಿತ್ತು.

ಮೊದಲು ಮಾತಾಡಿದವರು ವೈನಿ.

"ಪಾಲ ಹಾಕೂದು ದೊಡ್ಡ ಮಾತಲ್ರಿ. ಆದರ ಅತ್ತಿ ಸೊಸಿ ಕೂಡಿ ಸನ್ನಿ ಮಾಡೂದ ನಿಲ್ಲಬೇಕ. ನಾಕ ವಾರ ನಮಗ ಹುಳುಕ. ನಾ ಓಣ್ಯಾಗ ಏನ ಮಾರಿ ತೋರಸಲಿ?"

"ಸನ್ನಿ?" ಅತ್ತೆ ತಟ್ಟೆ ಕೆಳಗಿಟ್ಟಳು. "ಹಬ್ಬದ ದಿನ ಬೇವ ಬಾಯಾಗ ಇಟಗೊಂಡ ಹೇಳತೀನಿ ವೈನಿ, ನಾ ಸನ್ನಿ ಮಾಡಿದಾಕಿ ಅಲ್ಲ."

"ಹಂಗಾದ್ರ ನಾಕ ವಾರ ಹ್ಯಾಂಗ ಬಂತು?"

ಇಲ್ಲಿ ನಾನು ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕವಿಲ್ಲದಷ್ಟು ಸಲ ಯೋಚಿಸಿದ್ದೇನೆ. ಕಂಪೌಂಡರ ಏನಾದರೂ ನಗೆಮಾತು ಆಡುತ್ತಿದ್ದ. ಸವತೆಕಾಯಿ ಕೈಗೆ ಬರುತ್ತಿದ್ದವು. ಆದರೆ ಅತ್ತೆಯ ಮೇಲೆ ಸುಳ್ಳು ಆರೋಪ ಬಂದಿದೆ, ನನಗೆ ನಿಜ ಗೊತ್ತಿದೆ, ನಿಜ ಹೇಳಿದರೆ ಅವಳು ಪಾರಾಗುತ್ತಾಳೆ ಎಂದು ನಾನು ನಂಬಿದ್ದೆ. ಎದ್ದು ನಿಂತೆ.

"ಅತ್ತಿ ಏನೂ ಸನ್ನಿ ಮಾಡಿಲ್ರಿ ವೈನಿ. ತಪ್ಪ ನಂದು. ನನಗ ಆಕಿ ನೆರಳ ಕಾಣಸ್ತಿತ್ತು. ಯಾವ ಗುಡ್ಡಿ ಅನ್ನೂದು ಗೊತ್ತಾಗತಿತ್ತು. ನೀವು ಕಾಯಿ ಬಿಡಸಾಕ ಬರೂದಿಲ್ಲಂತ ಸಿಟ್ಟಿತ್ತು."

ವೈನಿ ನನ್ನ ಮೇಲೆ ಸಿಟ್ಟಾಗಲಿಲ್ಲ. ಅವರು ನನ್ನ ಕಡೆ ಹೆಚ್ಚು ಹೊತ್ತು ನೋಡಲೂ ಇಲ್ಲ. ಮೆಲ್ಲಗೆ ಕೇಳಿದರು:

"ನೆರಳ ಕಾಣೂವಂಗ ನಿನ್ನ ಅಲ್ಲಿ ನಿಂದ್ರಸ್ತಿದ್ದವರು ಯಾರವಾ?"

ಎಲ್ಲರ ಕಣ್ಣೂ ಅತ್ತೆಯ ಮೇಲೆ ಹೋದವು. ನನ್ನವೂ. ಬಹುಶಃ ನನ್ನವೇ ಮೊದಲು ಹೋದವು. ಅದನ್ನು ಅವಳು ನೋಡಿದಳು. ಅತ್ತೆ ಏನಾದರೂ ಹೇಳುತ್ತಾಳೆಂದು ಕಾದೆ. ಹೊತ್ತು ಕಣ್ಣಿಗೆ ಹೊಡೆಯಬಾರದೆಂದು ಹಾಗೆ ನಿಲ್ಲಿಸುತ್ತಿದ್ದೆ ಎಂದಿದ್ದರೆ ಸಾಕಿತ್ತು. ಯಾರಾದರೂ ನಂಬುವ ಮಾತು ಅದು. ಅವಳು ಅದನ್ನೂ ಹೇಳಲಿಲ್ಲ.

ಆಗ ಆಯಿ ಬಾಯಿ ತೆರೆದರು.

"ನೀವ್ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮ ಓಣ್ಯಾಗ ಐತವಾರ ನಸಿಕಿನ್ಯಾಗಷ್ಟ ನಳಾ ಬರತೈತಿ. ನಮ್ಮ ಮನ್ಯಾಗ ಸೊಸಿ ಅದಾಳ, ನೀರ ಹಿಡೀತಾಳ. ಈಕೀಗೆ ಯಾರ ಅದಾರ? ಕೊಡಾ ತುಂಬಿಸಿಟ್ಟ ಓಡಿ ಬರತಾಳ. ಕಾಯಿ ಬಿಡಸಲಿಲ್ಲ ಅಂತ ಇಷ್ಟೆಲ್ಲಾ ಮಾಡಿದ್ರೇನ?"

ವೈನಿ ಸೆರಗಿನಿಂದ ಬಾಯಿ ಒರೆಸಿಕೊಂಡರು. ಬೇವು ಕಹಿಯಾಗಿತ್ತೋ ಏನೋ.

ಯಾರೂ ಪಾಲು ಬಿಡುತ್ತೇವೆಂದು ಹೇಳಲಿಲ್ಲ. ನಮ್ಮ ಕಡೆ ಯಾರೂ ಹಾಗೆ ಮುಖದ ಮೇಲೆ ಹೇಳುವುದಿಲ್ಲ. "ನೋಡೂಣ್ರಿ" ಎಂದರು ಒಬ್ಬರು. "ಮನ್ಯಾಗ ಕೇಳಿ ಹೇಳತೀವಿ" ಎಂದರು ಇನ್ನೊಬ್ಬರು. ಕಂಪೌಂಡರ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ನನಗಷ್ಟೇ ಕೇಳುವಂತೆ "ನೀ ಓದಿದ್ದ ಭಾಳ ಆತ ನೋಡ ತಂಗೀ" ಎಂದ. ಅವನು ತಮಾಷೆ ಮಾಡದೆ ಆಡಿದ ಮಾತು ನಾನು ಕೇಳಿದ್ದು ಅದೊಂದೇ. ಎಲ್ಲರೂ ಹೋದ ಮೇಲೆ ತಟ್ಟೆಯಲ್ಲಿ ಆರು ಸವತೆಕಾಯಿ ಉಳಿದಿದ್ದವು. ಒಂದನ್ನು ಆಯಿ ಒಯ್ದಿದ್ದರು.

ಎಂಟು ದಿನ ಅಪ್ಪ ಕಾದ. ಆಯಿಯ ಮನೆಯೊಂದರಿಂದ ಪಾಲು ಬಂತು; ಅತ್ತೆ ತಾನೇ ಹೋಗಿ ಮರಳಿ ಕೊಟ್ಟು ಬಂದಳು. ಒಂಬತ್ತನೆಯ ದಿನ ಕಬ್ಬಿನ ಬೀಜದ ಗಾಡಿ ಬಂದು ತೋಟದ ಒಡ್ಡಿಗೆ ನಿಂತಿತು. ಕಾಯಿಗೆ ಬಂದಿದ್ದ ಸವತೆ ಬಳ್ಳಿ, ನಾವೆಲ್ಲ ಸೇರಿ ಹಚ್ಚಿದ್ದ ಮೆಣಸಿನ ಸಸಿಯನ್ನು ಅತ್ತೆ ತಾನೇ ಕಿತ್ತಳು. ಬೇರೆ ಕೈ ಮುಟ್ಟಲು ಬಿಡಲಿಲ್ಲ. ನಾನು ಹತ್ತಿರ ಹೋದಾಗ, "ನೀ ಬಿಸಲಾಗ ನಿಂದ್ರಬ್ಯಾಡ" ಎಂದಳು. ಅದೂ ಕಾಳಜಿಯೋ, ಏನೋ. ಅಪ್ಪ ಗೆದ್ದವನಂತೆ ಕಾಣಲಿಲ್ಲ. ಅಕ್ಕನ ಮುಖ ನೋಡದೆ ನೇಗಿಲ ಸಾಲು ನೋಡುತ್ತ ನಿಂತಿದ್ದ.

ಮುಂದೆ ನನಗೆ ಅಥಣಿಯ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ತೊಂಬತ್ತರ ದಶಕದಲ್ಲಿ ಒಮ್ಮೆ ನಿಪ್ಪಾಣಿಗೆ ಹೋಗುವ ಬಸ್ಸಿನಲ್ಲಿ ವೈನಿ ಸಿಕ್ಕರು. ಸರಿದು ಜಾಗ ಕೊಟ್ಟರು. ಮಕ್ಕಳ ಓದು, ಮಾಸ್ತರರ ಬೆನ್ನುನೋವು, ಎಲ್ಲ ಆದ ಮೇಲೆ ಕಿಟಕಿಯ ಆಚೆ ನೋಡುತ್ತ, "ನಿಮ್ಮ ಅತ್ತೀ ತ್ವಾಟದ ಬದನಿಕಾಯಿ ರುಚಿ ಮತ್ತ ಎಲ್ಲೂ ಸಿಗಲಿಲ್ಲ ನೋಡವಾ" ಎಂದರು. ಚುಚ್ಚಿದರೋ, ನಿಜಕ್ಕೂ ಹೇಳಿದರೋ ತಿಳಿಯಲಿಲ್ಲ. ಕೇಳುವ ಧೈರ್ಯವಾಗಲಿಲ್ಲ. ನನ್ನ ಸ್ಟಾಪು ಬರುವ ಮೊದಲೇ ಎದ್ದು ಬಾಗಿಲ ಹತ್ತಿರ ನಿಂತುಕೊಂಡೆ.

ಅತ್ತೆ ಈಗಲೂ ನಮ್ಮ ಮನೆಯಲ್ಲೇ ಇದ್ದಾಳೆ. ಸಂತೆಯಿಂದ ಬಂದ ಮೆಂತೆ ಸೋಸುವಾಗ, ಕೊಂಡದ್ದೆಂಬ ಅಸಡ್ಡೆಯಿಂದ ಒಳ್ಳೆಯ ಎಲೆಯನ್ನೂ ಕಸಕ್ಕೆ ಹಾಕುತ್ತಾಳೆ. ಹೋದ ರಜೆಯಲ್ಲಿ ಅವಳ ಎದುರು ಕುಳಿತು ನಾನೂ ಸೋಸುತ್ತಿದ್ದೆ. ಹಿತ್ತಲ ಬಾಗಿಲಿನಿಂದ ಬಿಸಿಲು ಬಂದು ಅವಳ ಕೈಯ ನೆರಳು ನೆಲದ ಮೇಲೆ ಆಡುತ್ತಿತ್ತು. ನಾನು ಅದನ್ನೇ ನೋಡುತ್ತಿರುವುದು ಅವಳಿಗೆ ತಿಳಿಯಿತು. ಕೈ ಮಡಿಲಿಗೆ ಎಳೆದುಕೊಂಡಳು. ಅವಳು ನನ್ನನ್ನು ಸಂಶಯಪಡುತ್ತಾಳೆ, ನಾನು ಅವಳನ್ನು. ಯಾರು ಯಾರನ್ನು ಮೊದಲು ಬಳಸಿಕೊಂಡೆವು ಎಂಬುದು ಇತ್ಯರ್ಥವಾಗದೆ ಇಷ್ಟು ವರ್ಷ, ನಾನು ರಜೆಗೆ ಬಂದಾಗಲೆಲ್ಲ ಒಂದೇ ಸೂರಿನ ಕೆಳಗೆ ಪ್ರೀತಿಯಿಂದಲೇ ಇದ್ದೇವೆ. ಬಾವಿಯ ದಿಕ್ಕನ್ನು ಈಗ ನಾನೇ ಹೋಗಿ ನೋಡಿ ಬರಬಹುದು, ಕಬ್ಬಿನೊಳಗೆ ಅದು ಇದ್ದೇ ಇದೆ. ಹೋಗಿಲ್ಲ. ಅವಳನ್ನೇ ಕೇಳಿದೆ. ಅವಳು ಮೆಂತೆಯ ಕಡ್ಡಿಗಳನ್ನು ಒಟ್ಟುಮಾಡಿ, ಎದ್ದು, ಒಳಗೆ ಹೋದಳು. ಅಂದಿನಿಂದ ಇಂದಿನವರೆಗೆ ಆ ಮಾತಿಗೆ ಮರಳಿಲ್ಲ. ನಾನು ಕೇಳಿದ್ದು ಇಷ್ಟೇ:

"ಅತ್ತಿ, ಅಷ್ಟ ಬಯಲಿತ್ತು ಅಲ್ಲಿ. ನನ್ನ ಭುಜಾ ಹಿಡದ ಪ್ರತೀ ವಾರ ಬಾವೀ ಕಡೆನ ತಿರಗಸ್ತಿದ್ದಿ. ನೆರಳ ನನ್ನ ಮುಂದ ಬೀಳತೈತಿ ಅನ್ನೂದು ನಿನಗ ಗೊತ್ತಿತ್ತೇನ?"